ಸುಂದರಾಳ ಹೆಸರಿನ ಗುಳಿಗೆ

ಕರೋಶಿಯ ಓಣಿಯಲ್ಲಿ ಸುಂದರಾ ಯಾರ ಮನೆಗೆ ಹೋದರೂ ಕುಡಿಯಲು ನೀರು ಬರುವ ಮೊದಲು ಕೀಲಿಕೈ ಗೊಂಚಲು ಬರುತ್ತಿತ್ತು. ಮನೆಯೊಡತಿ ಏನೂ ಅರಿಯದವಳಂತೆ ಅದನ್ನು ಅವಳ ಕೈಗೆಟುಕುವಷ್ಟು ಹತ್ತಿರ ಇಟ್ಟು, ಆಮೇಲೆ ಮಾತಿಗೆ ಕೂರುತ್ತಿದ್ದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂಬುದು ಊರಿನ ನಂಬಿಕೆ. ಒಲೆಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ, ಬಾವಿಕಟ್ಟೆಗೆ ಬಿಡುತ್ತಿರಲಿಲ್ಲ, ತೊಟ್ಟಿಲ ಶಾಸ್ತ್ರಕ್ಕೆ ಕರೆದರೂ ಕೂಸನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಅವಳಿಗೆ ಮೈ ಉರಿಸುತ್ತಿತ್ತು. ಪ್ರೀತಿ ಮಾಡುವವರ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಸುಂದರಾಳಿಗೆ ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ. ಬರುತ್ತಿದ್ದದ್ದು ಅವಳ ಗಂಡ ಭರಮುವಿಗೆ.

ಮದುವೆಯಾದ ಮೊದಲ ವರ್ಷವೇ ಒಂದು ಬೆಳಗಿನ ಜಾವ ಭರಮು ಹಾಸಿಗೆಯಲ್ಲಿ ಸೆಟೆದುಕೊಂಡಿದ್ದ. ಬಾಯಲ್ಲಿ ನೊರೆ, ಕಣ್ಣು ಮೇಲೆ. ಅವನಾಗ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಕೆಲಸ ಕಲಿಯುತ್ತಿದ್ದ. ಕಬ್ಬಿನ ಪಾಕವನ್ನು ಕೋಣೆಯಷ್ಟು ದೊಡ್ಡ ಪ್ಯಾನಿನಲ್ಲಿ ಕುದಿಸಿ, ಹರಳು ಕಟ್ಟುವ ಹೊತ್ತನ್ನು ಕಣ್ಣಳತೆಯಲ್ಲೇ ಹಿಡಿಯುವ ಕೆಲಸ ಅದು. ಸುತ್ತ ಉಗಿ, ಕಾಲ ಕೆಳಗೆ ಎತ್ತರದ ಕಬ್ಬಿಣದ ಅಟ್ಟ. ಫಿಟ್ಸ್ ಇರುವವನನ್ನು ಅಲ್ಲಿ ಯಾರು ನಿಲ್ಲಿಸಿಕೊಳ್ಳುತ್ತಾರೆ? ಅವನ ತಾಯಿ ಗಂಗೂಬಾಯಿ ಮಗನನ್ನೂ ಸೊಸೆಯನ್ನೂ ಕರೆದುಕೊಂಡು ಚಿಕ್ಕೋಡಿಯ ಧನಪಾಲ ಡಾಕ್ಟರರ ದವಾಖಾನೆಗೆ ಹೋದಳು. ಅಲ್ಲಿ ನೋಡಿದರೆ ಬೆಂಚಿನ ತುಂಬ ಕರೋಶಿಯವರೇ. ಕಂಪೌಂಡರ್ ಕೂತಲ್ಲಿಂದಲೇ "ಪೇಶಂಟ್ ಹೆಸರೇನ್ರಿ?" ಎಂದು ಕೂಗಿದ. ಗಂಗೂಬಾಯಿ ಬೆಂಚಿನ ಕಡೆ ಒಮ್ಮೆ ನೋಡಿ, "ಸುಂದರಾ" ಅಂದುಬಿಟ್ಟಳು.

ಒಳಗೆ ಹೋದ ಮೇಲೆ ಮಗನನ್ನು ಡಾಕ್ಟರರ ಮುಂದೆ ಕೂರಿಸಿ ಸೆರಗೊಡ್ಡಿದಳು. "ಚೀಟಿ ಮ್ಯಾಲ ಹೆಸರ ಸೊಸೀದಽ ಇರ್ಲಿರಿ ಸಾಹೇಬ್ರ. ನನ್ನ ಮಗನ ಅನ್ನದ ಪ್ರಶ್ನೆ ಐತಿ."

ಧನಪಾಲ ಡಾಕ್ಟರರು ಒಳ್ಳೆಯವರು, ಒಳ್ಳೆಯವರು ಮಾಡುವಂಥ ತಪ್ಪನ್ನೇ ಮಾಡಿದರು. ಮಗನನ್ನು ಪರೀಕ್ಷೆ ಮಾಡಿ ಸೊಸೆಯ ಹೆಸರಿನಲ್ಲಿ ಗುಳಿಗೆ ಬರೆದುಕೊಟ್ಟರು. ಸುಂದರಾ ಬಾಗಿಲ ಹತ್ತಿರ ನಿಂತಿದ್ದಳು. ಹೊಸ ಸೊಸೆ, ಏನೆಂದು ಬಾಯಿ ಬಿಡುವುದು? ಅದೂ ಅಲ್ಲದೆ ಗಂಡ ತಲೆ ತಗ್ಗಿಸಿ ಕೂತದ್ದು ನೋಡಿ ಅವಳ ಕರುಳು ಚುರ್ ಎಂದಿತ್ತು. ಹೆಸರು ತಾನೆ, ಹೋದರೆ ಹೋಗಲಿ ಅಂದುಕೊಂಡಳು.

ಸುದ್ದಿ ಹಬ್ಬಲು ಆ ಬೆಂಚೇ ಸಾಕಾಯಿತು. ಮುಂದೆ ವರ್ಷಗಟ್ಟಲೆ ಸುಂದರಾ ಒಮ್ಮೆಯೂ ಬೀಳಲಿಲ್ಲ. ಹೇಗೆ ಬಿದ್ದಾಳು? ಊರು ಅದಕ್ಕೂ ಅರ್ಥ ಕಟ್ಟಿತು. ಧನಪಾಲ ಡಾಕ್ಟರರ ಕೈಗುಣವೇ ಕೈಗುಣ, ಭರಮೂನ ಹೆಂಡತಿ ಆಮೇಲೆ ಒಂದು ಸಲವೂ ಬೀಳಲಿಲ್ಲ ನೋಡ್ರಿ ಎಂದು ಅಕ್ಕೋಳದಿಂದ ಐನಾಪುರದವರೆಗಿನ ಜನ ಫಿಟ್ಸಿಗೆ ಅವರನ್ನೇ ಹುಡುಕಿಕೊಂಡು ಬರತೊಡಗಿದರು. ರೋಗವೇ ಇಲ್ಲದವಳನ್ನು ವಾಸಿಮಾಡಿ ಹೆಸರು ಗಳಿಸಿದ ಡಾಕ್ಟರು ಈ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಸುಂದರಾಳಿಗೆ ಇದರಲ್ಲಿ ನಗು ಬರುವ ಭಾಗವೂ ಇತ್ತು, ಬಾರದ ಭಾಗವೂ ಇತ್ತು. ಮಗಳು ಮೇಘಾ ಕೂಸಾಗಿದ್ದಾಗ ಹೊರಗಿನವರು ಯಾರೂ ಇಲ್ಲದ ಹೊತ್ತಿನಲ್ಲಿ ಅವಳ ತೊಡೆಯ ಮೇಲೆಯೇ ಇರುತ್ತಿದ್ದಳು. ಬಾಗಿಲಲ್ಲಿ ಯಾರದಾದರೂ ಚಪ್ಪಲಿಯ ಸಪ್ಪಳವಾದರೆ ಸಾಕು, ಗಂಗೂಬಾಯಿ ಓಡಿಬಂದು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಹಾಲು ಕುಡಿಯುತ್ತಿದ್ದ ಕೂಸನ್ನೂ ಬಿಡಿಸಿಕೊಂಡು ಹೋದದ್ದುಂಟು. "ಬಂದವರ ಮುಂದ ನಿನ್ನ ಕೈಯಾಗ ಇದ್ರ ಅವರೇನ ಅನ್ಕೋತಾರ" ಎನ್ನುತ್ತಿದ್ದಳು. ಅದೊಂದನ್ನು ಸುಂದರಾ ಮರೆತಿಲ್ಲ, ಮರೆಯುವುದೂ ಇಲ್ಲ. ಗಂಡ ಕೊಡಿಸಿದ ಸ್ಕೂಟಿಯೂ ಅಂಗಳದಲ್ಲಿ ಗೋಣಿತಟ್ಟು ಹೊದ್ದು ನಿಂತಿತ್ತು. ಫಿಟ್ಸ್ ಇರುವವಳು ಗಾಡಿ ಹೊಡೆದರೆ ಊರು ಸುಮ್ಮನಿರುತ್ತದೆಯೇ?

ಭರಮು ಮಾತ್ರ ಆ ಗುಳಿಗೆಯ ಬಲದಿಂದ ಕೆಲಸದಲ್ಲಿ ಪಳಗಿದ. ಇಲ್ಲಿಯ ಕಾರ್ಖಾನೆಗಳು ಹಂಗಾಮು ಮುಗಿದ ಮೇಲೆ ಬಾಗಿಲು ಹಾಕುತ್ತವೆ, ಉಗಾಂಡಾದಲ್ಲಿ ವರ್ಷವಿಡೀ ಕಬ್ಬು ನುರಿಯುತ್ತಾರೆ ಎಂದು ಕೇಳಿ ಅಲ್ಲಿಯ ಒಂದು ಕಾರ್ಖಾನೆಗೆ ಸೇರಿಕೊಂಡ. ಸೇರುವಾಗ, ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದ. ರಜೆಗೆ ಬಂದಾಗಲೆಲ್ಲ ಮುಂದಿನ ರಜೆಯವರೆಗೆ ಸಾಲುವಷ್ಟು ಗುಳಿಗೆಯನ್ನು ಬಟ್ಟೆಯ ನಡುವೆ ಇಟ್ಟುಕೊಂಡು ಹೋಗುತ್ತಿದ್ದ. ಚೀಟಿ ಸುಂದರಾಳದು, ಗುಳಿಗೆ ಅವನದು. ಇಷ್ಟು ವರ್ಷ ಯಾರೂ ಕೇಳಲಿಲ್ಲ.

ಈ ಸಲ ಅವನ ಜೊತೆಯ ಪ್ಯಾನ್‌ಮನ್ ಕೆಲಸ ಬಿಟ್ಟದ್ದರಿಂದ ಕಂಪನಿಯವರು ಭರಮುವಿನ ರಜೆಯನ್ನು ಮುಂದಕ್ಕೆ ಹಾಕಿದರು. ರಜೆ ಮುಂದಕ್ಕೆ ಹೋಯಿತು, ಗುಳಿಗೆ ಅಲ್ಲಿಯವರೆಗೆ ಬರಲಿಲ್ಲ. ಕಾರ್ಖಾನೆಯ ಕ್ಲಿನಿಕ್ಕಿನಲ್ಲಿ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅರ್ಧ ದಿನ ಬಸ್ಸಿನಲ್ಲಿ ಕೂತು ಅಲ್ಲಿಯ ಪಟ್ಟಣದ ಔಷಧಿ ಅಂಗಡಿಗೆ ಹೋಗಿ, ನಮ್ಮೂರಲ್ಲಿ ಮಾಡುವ ಹಾಗೆಯೇ ಗುಳಿಗೆಯ ಖಾಲಿ ಪಟ್ಟಿಯನ್ನು ತೋರಿಸಿ "ಇದನ್ನು ಕೊಡಿ" ಎಂದ. ಆ ಗುಳಿಗೆ ಕಂಪನಿಯ ಹೆಸರೇ ಅಲ್ಲಿ ಯಾರಿಗೂ ಗೊತ್ತಿಲ್ಲ. ಡಾಕ್ಟರ ಚೀಟಿ ಎಲ್ಲಿ ಎಂದರು. ಮೊಬೈಲಿನಲ್ಲಿದ್ದ ಚೀಟಿಯ ಫೋಟೋ ತೋರಿಸಿದ. ಅಂಗಡಿಯವನು ಅದನ್ನು ಓದಿ, ಭರಮುವಿನ ದಪ್ಪ ಮೀಸೆಯನ್ನು ನೋಡಿ, ಮತ್ತೆ ಚೀಟಿಯನ್ನು ನೋಡಿ, "ಸುಂದರಾ ಅಂದರೆ ನೀವೇನಾ?" ಎಂದು ಕೇಳಿದನಂತೆ. ಭರಮು ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಬಸ್ಸು ಹತ್ತಿದ.

ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಅವನ ಫೋನು ಬಂದಾಗ ಸುಂದರಾ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಅರ್ಧರ್ಧ ಮುರದ ನುಂಗಾಕತ್ತೇನಿ ಸುಂದರಾ. ನಿನ್ನೆ ಪ್ಯಾನ್ ಹತ್ರ ನಿಂತಾಗ ಕಣ್ಣ ಮುಂದ ಫಳ್ ಅಂತ ಬೆಳಕ ಬಂದಂಗಾತು. ಬೀಳೂ ಮುಂದ ಹಂಗಽ ಆಕ್ಕೈತಿ ನನಗ" ಎಂದ.

ಹಿಂಡುತ್ತಿದ್ದ ಸೀರೆ ಅವಳ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಕಬ್ಬಿಣದ ಅಟ್ಟದ ಫೋಟೋ ಅವಳು ನೋಡಿದ್ದಳು. ಕೆಳಗೆ ಕುದಿಯುವ ಪಾಕದ ಕೊಳವೆಗಳು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸಣ್ಣ ಸರಳು. ಅಲ್ಲಿ ಒಮ್ಮೆ ಸೆಟೆದುಕೊಂಡರೆ ಮನುಷ್ಯ ಹಾಸಿಗೆಯ ಮೇಲಲ್ಲ ಬೀಳುವುದು. "ಇವತ್ತಿಗಿವತ್ತ ಕಳಸತೇನಿ" ಎಂದಳು.

ಕಳಿಸಲು ಒಂದೇ ದಾರಿಯಿತ್ತು. ಅದೇ ಕಾರ್ಖಾನೆಯ ವೆಲ್ಡರ್, ರಾಯಬಾಗದ ಸಮಾಧಾನ ಎಂಬವನು, ರಜೆ ಮುಗಿಸಿ ಅವತ್ತೇ ಮಧ್ಯಾಹ್ನ ನಿಪ್ಪಾಣಿಯಿಂದ ಮುಂಬೈ ಬಸ್ಸು ಹತ್ತುವವನಿದ್ದ. ಹೆಂಡತಿಯ ತವರು ನಿಪ್ಪಾಣಿಯಲ್ಲಿದ್ದುದರಿಂದ ಅವನಾಗಲೇ ಅಲ್ಲಿದ್ದ. ಆದರೆ ಹಿಂದಿನ ದಿನ ಸುಂದರಾ ಫೋನು ಮಾಡಿದಾಗ ಅವಳನ್ನು ಅತ್ತಿಗೆ ಎಂದೇ ಕರೆಯುವ ಅವನು ಕಡ್ಡಿ ಮುರಿದಂತೆ ಹೇಳಿದ್ದ. "ವೈನಿ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಕಂಪನಿಯವನೊಬ್ಬ ಯಾರದೋ ಗುಳಗಿ ಒಯ್ಯಾಕ ಹೋಗಿ ವಿಮಾನ ಇಳದಲ್ಲೇ ಸಿಕ್ಕೊಂಡ ಬಿದ್ದ. ಯಾರ ನುಂಗತಾರೋ ಅವರ ಹೆಸರಿನ ಚೀಟಿ ಬೇಕ, ಬಿಲ್ ಬೇಕ, ಪಟ್ಟಿ ಕತ್ತರಸಿರಬಾರ್ದು. ಇಷ್ಟಿದ್ರ ತರ್ರಿ."

ಯಾರು ನುಂಗುತ್ತಾರೋ ಅವರ ಹೆಸರಿನ ಚೀಟಿ! ಈ ಮನೆಯಲ್ಲಿ ಇಲ್ಲದ್ದು ಅದೊಂದೇ.

ಸುಂದರಾ ಸೀರೆ ಉಟ್ಟು ಹೊರಟಾಗ ಗಂಗೂಬಾಯಿ ಹೊಸ್ತಿಲಲ್ಲೇ ಕೂತಿದ್ದಳು. ಸೊಂಟದಲ್ಲಿ ಎಂದಿನಂತೆ ಕೀಲಿಕೈ ಗೊಂಚಲು. ಊರಿಗೆ ಕಾಣಲಿ ಎಂದು ಅವಳು ಕಟ್ಟಿಕೊಂಡದ್ದು ಅದು, ಈಗ ಕಟ್ಟದಿದ್ದರೆ ಅವಳಿಗೇ ನಡು ಖಾಲಿಯೆನಿಸುತ್ತಿತ್ತು.

"ಎಲ್ಲಿಗೆ ಹೊಂಟಿ?"

"ಚಿಕ್ಕೋಡಿಗೆ ಅತ್ತೀ. ಅವರ ಹೆಸರಿನ್ಯಾಗ ಚೀಟಿ ಬರಸಕೊಂಡ ಬರತೇನಿ."

ಗಂಗೂಬಾಯಿ ದಡಬಡಿಸಿ ಎದ್ದಳು. "ತಲಿ ಕೆಟ್ಟೈತೇನ ನಿನಗ? ಇಷ್ಟ ವರ್ಷ ಮುಚ್ಚಿಟ್ಟದ್ದ ಇವತ್ತ ತಗದ ಹರವತೀ? ಹೆಸರ ಹೊರಗ ಬಂತಂದ್ರ ಅವನ ನೌಕರಿ ಹೊಕ್ಕೈತಿ."

"ಗುಳಗಿ ಹೋಗದಿದ್ರ ಅವರಽ ಹೋಗತಾರ ಅತ್ತೀ."

ಹೀಗೆ ಎದುರಾಡಿದ್ದು ಇದೇ ಮೊದಲು. ಗಂಗೂಬಾಯಿ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಸೊಸೆ ಓಣಿಯ ತಿರುವು ದಾಟಿದ್ದಳು.

ಬಸ್ಸಿನಲ್ಲಿ ಕಿಟಕಿಯ ಬದಿ ಕೂತರೂ ಅವಳ ಕಣ್ಣು ಹೊರಗಿರಲಿಲ್ಲ. ನಿಮಿಷಕ್ಕೊಮ್ಮೆ ಮೊಬೈಲು ತೆಗೆದು ನೋಡುತ್ತಿದ್ದಳು, ಇಡುತ್ತಿದ್ದಳು. ಬಿದ್ದಿದ್ದರೆ ಯಾರಾದರೂ ಫೋನು ಮಾಡುತ್ತಿದ್ದರು. ಮಾಡಿಲ್ಲ, ಅಂದರೆ ಬಿದ್ದಿಲ್ಲ. ಅಥವಾ ಅವಳ ನಂಬರು ಅಲ್ಲಿ ಯಾರ ಹತ್ತಿರವೂ ಇಲ್ಲವೋ ಏನೋ. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಯ ತುಂಬ ತೇಲಾಡುತ್ತ ಹೋಗುತ್ತಿತ್ತು, ಡ್ರೈವರ್ ಅದರ ಹಿಂದೆ ಆಮೆಯಾಗಿದ್ದ. ಇಳಿದು ನಡೆದೇ ಬಿಡಲೇ ಎನಿಸಿತು ಅವಳಿಗೆ.

ಧನಪಾಲ ಡಾಕ್ಟರರು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ದವಾಖಾನೆ ನಡೆಸುತ್ತಿದ್ದವರು ಅವರ ಸೊಸೆ ಪೂನಮ ಡಾಕ್ಟರು. ಬೆಂಚು ಅದೇ, ಅದರ ಮೇಲಿನ ಕರೋಶಿಯವರೂ ಅವರೇ. ಸುಂದರಾಳ ಓಣಿಯ ದುಂಡವ್ವ, ವಾಂತಿಭೇದಿಯಿಂದ ಬಾಡಿದ್ದ ಮೊಮ್ಮಗನಿಗೆ ಸಲಾಯಿನ್ ಹಚ್ಚಿಸಲು ಸೊಸೆಯ ಜೊತೆ ಬಂದು ಕೂತಿದ್ದಳು. ಸುಂದರಾಳನ್ನು ನೋಡಿದ್ದೇ, "ಬಾ ಬೇ, ಕೂಡು ಕೂಡು, ನಿಂದರಬ್ಯಾಡ" ಎಂದು ಜಾಗ ಮಾಡಿಕೊಟ್ಟು, ಸೊಸೆಗೆ ಕೂಸನ್ನು ಆಚೆ ಬದಿಗೆ ಹಿಡಿದುಕೊಳ್ಳುವಂತೆ ಕಣ್ಸನ್ನೆ ಮಾಡಿದಳು. ಸುಂದರಾ ಅದನ್ನು ನೋಡಿಯೂ ನೋಡದವಳಂತೆ ಕೂತಳು.

ಒಳಗೆ ಕರೆದಾಗ ಡಾಕ್ಟರಮ್ಮ ಹಳೆಯ ಕೇಸ್ ಪೇಪರ್ ನೋಡಿ, "ನಿಮಗ ಫಿಟ್ಸ್ ಬಂದ ಭಾಳ ವರ್ಷ ಆತಲ್ರಿ. ಗುಳಗಿ ಕಡಿಮಿ ಮಾಡೂದು ನೋಡೋಣೇನು?" ಎಂದರು.

ಸುಂದರಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಸಿಕ್ಕ ತುದಿಯಿಂದ ಹೇಳುತ್ತ ಹೋದಳು. ಗುಳಿಗೆ ತನ್ನದಲ್ಲ, ಗಂಡನದು. ಡಾಕ್ಟರಮ್ಮನ ಮಾವನವರೇ ಬರೆದುಕೊಟ್ಟದ್ದು. ಗಂಡ ಉಗಾಂಡಾದಲ್ಲಿದ್ದಾನೆ, ಅರ್ಧ ನುಂಗುತ್ತಿದ್ದಾನೆ, ಮಧ್ಯಾಹ್ನದೊಳಗೆ ನಿಪ್ಪಾಣಿ ಮುಟ್ಟಬೇಕು.

ಡಾಕ್ಟರಮ್ಮನ ಮುಖ ಗಂಟಿಕ್ಕಿತು. ತನ್ನ ಮಾವನ ತಪ್ಪನ್ನು ಪೇಶಂಟಿನ ಬಾಯಲ್ಲಿ ಕೇಳುವುದು ಯಾರಿಗೆ ಹಿತ? "ನೋಡ್ರಿ, ನೀವು ಹೇಳೂದು ಖರೇನ ಇರಬಹುದು. ಆದ್ರ ಕಣ್ಣಿಲೇ ನೋಡದ ಮನಷ್ಯಾಗ ನಾ ಹ್ಯಾಂಗ ಬರೀಲಿ? ಫೋನ್ ಹಚ್ರಿ, ವಿಡಿಯೋದಾಗ ಬರ್ಲಿ. ಅವರಽ ತಮ್ಮ ಬಾಯಿಲೇ ಹೇಳ್ಬೇಕು."

ಸುಂದರಾ ಫೋನು ಹಚ್ಚಿದಳು. ಹಳೆಯ ಕಟ್ಟಡದ ಒಳಕೋಣೆ ಅದು. ಭರಮುವಿನ ಮುಖ ಅರ್ಧ ಮೂಡಿ, ಹಾಗೇ ನಿಂತು, ಮಾಯವಾಯಿತು. ಎರಡನೆಯ ಸಲವೂ ಹಾಗೆಯೇ. "ಇಲ್ಲಿ ರೇಂಜ್ ಸಿಗಂಗಿಲ್ಲ, ಹೊರಗ ಕಿಡಕಿ ಹತ್ರ ಬರ್ರಿ" ಎಂದು ಡಾಕ್ಟರಮ್ಮ ಎದ್ದು ನಡೆದೇಬಿಟ್ಟರು. ಕಿಟಕಿ ಇದ್ದದ್ದು ಬೆಂಚಿನ ಎದುರಿಗೆ.

ಸುಂದರಾಳ ಕಾಲು ಬಾಗಿಲಲ್ಲೇ ನಿಂತವು. ಬೆಂಚಿನ ತುಂಬ ಜನ. ತಿರುಗಿ ಹೋಗಿಬಿಡಬಹುದಿತ್ತು. ಆದರೆ ಮೊಬೈಲಿನ ಗಾಜಿನಲ್ಲಿ ಆಗಲೇ ಗಂಡನ ಮುಖ ಸ್ಪಷ್ಟವಾಗಿ ಮೂಡಿತ್ತು. ಕೋಣೆಯಲ್ಲಿ ಜೊತೆಗಾರರಿದ್ದಾರೆಂದು ಅವನು ಕಾರ್ಖಾನೆಯ ಹಿಂದೆ, ಕಬ್ಬಿನ ಸಿಪ್ಪೆ ಸಾಗಿಸುವ ಬೆಲ್ಟಿನ ಹತ್ತಿರ ಬಂದು ನಿಂತಿದ್ದ. ಹಿಂದೆ ಯಂತ್ರದ ಗದ್ದಲ. ಗಲ್ಲ ಇಳಿದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ನಿದ್ದೆಗೆಟ್ಟರೂ ಅವನಿಗೆ ಫಿಟ್ಸ್ ಬರುತ್ತದೆಂದು ಅವಳಿಗೆ ಗೊತ್ತು.

"ಡಾಕ್ಟರಮ್ಮಾರ ಅದಾರ. ಅವರ ಕೇಳಿದ್ದಕ್ಕ ಇದ್ದದ್ದ ಹೇಳ್ರಿ" ಎಂದಳು.

"ಹತ್ರ ಮತ್ತ ಯಾರ ಅದಾರ?"

ಅವಳು ಬೆಂಚಿನ ಕಡೆ ನೋಡಿದಳು. ದುಂಡವ್ವ ಕುತ್ತಿಗೆ ಉದ್ದ ಮಾಡಿ ಇತ್ತಲೇ ನೋಡುತ್ತಿದ್ದಳು. "ಎಲ್ಲಾರೂ ಅದಾರ" ಎಂದಳು ಸುಂದರಾ.

"ಅವ್ವಗ ಕೇಳಿದ್ಯಾ?" ಎಂದ ಭರಮು.

ಅಲ್ಲಿಯವರೆಗೆ ಅವಳಿಗಿದ್ದದ್ದು ಹೆದರಿಕೆ. ಆ ಮಾತು ಕೇಳಿದ್ದೇ ತಡ, ಹೆದರಿಕೆ ಹೋಗಿ ಸಿಟ್ಟು ಬಂತು. ಸತ್ತರೂ ಅವ್ವನನ್ನು ಕೇಳಿ ಸಾಯುವನೇನು ಇವನು? "ರೀ, ನನ್ನ ಹೆಸರ ಹೇಳೂ ಮುಂದ ಯಾರೂ ನನ್ನ ಕೇಳಲಿಲ್ಲ. ನಾ ಇಷ್ಟ ವರ್ಷ ಸುಮ್ನ ಇದ್ದೇನಿ. ಇವತ್ತೊಂದ ದಿನ ನೀವ ಹೇಳ್ರಿ" ಎಂದು ಮೊಬೈಲನ್ನು ಡಾಕ್ಟರಮ್ಮನ ಕೈಗೆ ಕೊಟ್ಟುಬಿಟ್ಟಳು.

"ಭರಮು ಅವರ, ನಾ ಡಾಕ್ಟರ್ ಪೂನಮ. ಫಿಟ್ಸ್ ಯಾರಿಗೆ ಬರತಾವು?"

ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರಿಗೆ ಮೆಲ್ಲಗೆ ಮಾತಾಡುವ ರೂಢಿಯೇ ತಪ್ಪಿರುತ್ತದೆ. ಯಂತ್ರದ ಗದ್ದಲದ ಮೇಲೆ ದನಿಯೆತ್ತಿ ಎತ್ತಿ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆ ಕೇಳಿಸುತ್ತದೆ. ಭರಮು ಒಮ್ಮೆ ಉಸಿರೆಳೆದುಕೊಂಡ. ಬೆಲ್ಟಿನ ಸದ್ದು ಮೀರಬೇಕಲ್ಲ, ಗಂಟಲು ಬಿಚ್ಚಿ ಕೂಗಿದ.

"ನನಗ ಬರತಾವ್ರಿ! ಫಿಟ್ಸ್ ನಂದ್ರಿ! ಅಕೀಗಿ ಏನೂ ಇಲ್ರಿ!"

ಕಂಪೌಂಡರ್ ಬರೆಯುವುದನ್ನು ಬಿಟ್ಟು ತಲೆಯೆತ್ತಿದ. ಡಾಕ್ಟರಮ್ಮ ಮಾತ್ರ ಏನೂ ಆಗದವರಂತೆ ಕೇಳುತ್ತ ಹೋದರು. ಮೊದಲು ಯಾವಾಗ ಬಂತು, ಕೊನೆಯ ಸಲ ಯಾವಾಗ, ನಾಲಿಗೆ ಕಚ್ಚಿಕೊಂಡದ್ದುಂಟೇ, ಗುಳಿಗೆ ಎಷ್ಟು ನುಂಗುತ್ತಿದ್ದೀರಿ. ಅವನು ಒಂದೊಂದಕ್ಕೂ ಕೂಗಿ ಕೂಗಿ ಉತ್ತರ ಕೊಟ್ಟ. ಬೆಂಚಿನವರಿಗೆ ಬಿಟ್ಟುಹೋದದ್ದು ಏನೂ ಇರಲಿಲ್ಲ. ಗುಳಿಗೆ ಮುರಿದು ನುಂಗಿದ್ದಕ್ಕೆ ಡಾಕ್ಟರಮ್ಮ ಅವನನ್ನು ಎಲ್ಲರ ಮುಂದೆ ಬೈದರು. "ಇವತ್ತಿನಿಂದ ಪೂರ್ತಿ ತಗೋರಿ. ಗುಳಗಿ ಕೈಗೆ ಸಿಗೂತನಕ ಪ್ಯಾನ್ ಮ್ಯಾಲ ಹತ್ತಬ್ಯಾಡ್ರಿ. ನಾ ಸ್ವಲ್ಪ ದಿನಕ್ಕ ಸಾಕಾಗುವಷ್ಟ ಬರದ ಕೊಡತೇನಿ, ಜೊತಿಗೆ ನಿಮ್ಮ ಅಲ್ಲಿ ಡಾಕ್ಟರಿಗೆ ಒಂದ ಪತ್ರ. ಮುಂದಿನ ಗುಳಗಿ ಅಲ್ಲೇ, ನಿಮ್ಮ ಹೆಸರಿನ್ಯಾಗ ತಗೋಬೇಕು. ಇನ್ನ ಮುಚ್ಚಿಡೂದು ಆಗಂಗಿಲ್ಲ."

ಚೀಟಿ ಹಿಡಿದು ಹೊರಬರುವಾಗ ಸುಂದರಾ ಯಾರ ಮುಖವನ್ನೂ ನೋಡಲಿಲ್ಲ. ನೋಡುವಷ್ಟು ಪುರಸೊತ್ತೂ ಇರಲಿಲ್ಲ. ಮೆಡಿಕಲ್ ಅಂಗಡಿಯವನು ರೂಢಿಯಂತೆ ಕತ್ತರಿಗೆ ಕೈಹಾಕಿದ, "ಕತ್ತರಸಬ್ಯಾಡ್ರಿ, ಪೂರಾ ಪಟ್ಟಿ ಕೊಡ್ರಿ, ಬಿಲ್ ಭರಮು ಅಂತ ಮಾಡ್ರಿ" ಎಂದು ಗಡಬಡಿಸಿದಳು. ನಿಪ್ಪಾಣಿ ಬಸ್ಸು ಹೊರಟೇಬಿಟ್ಟಿತ್ತು. ಬೆನ್ನಟ್ಟಿ ಓಡಿ ಬಾಗಿಲ ಕಂಬಿ ಹಿಡಿದು ಹತ್ತಿದಳು. ಕಂಡಕ್ಟರ್ ಬೈದ, ಅವಳಿಗೆ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು. ಕೂರಲು ಜಾಗ ಸಿಕ್ಕರೂ ಕೂರುವ ಮನಸ್ಸಾಗಲಿಲ್ಲ.

ಕೆಲಸ ಹೋದರೆ? ಆ ಯೋಚನೆ ಈಗ ಬಂದು ಕಚ್ಚತೊಡಗಿತು. ಕಂಪನಿಯವರು ಸುಳ್ಳು ಹೇಳಿದೆ ಎಂದು ಕಳಿಸಿಬಿಟ್ಟರೆ ಊರೆಲ್ಲ ಬೊಟ್ಟು ಮಾಡುವುದು ಅವಳ ಕಡೆಗೇ. ಅತ್ತೆಯಂತೂ ಜೀವ ಇರುವವರೆಗೆ ಬಿಡುವುದಿಲ್ಲ. ಸುಮ್ಮನಿದ್ದಿದ್ದರೆ ಒಂದು ಭಯ, ಮಾತಾಡಿದ್ದಕ್ಕೆ ಇನ್ನೊಂದು. ಆದರೂ ಗಂಡ ಕೂಗಿದ ಆ ಮೂರನೆಯ ಮಾತು ಕಿವಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅಕೀಗಿ ಏನೂ ಇಲ್ರಿ. ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದ್ದ.

ಸಮಾಧಾನ ಹೆದ್ದಾರಿಯ ಪಕ್ಕದಲ್ಲಿ ಚೀಲಗಳ ಮಧ್ಯೆ ನಿಂತಿದ್ದ. ಗಾಳಿಯಲ್ಲಿ ತಂಬಾಕಿನ ಘಾಟು. ಪೊಟ್ಟಣ ತೆರೆದು ಬಿಲ್ಲು ನೋಡಿದ, ಪಟ್ಟಿ ನೋಡಿದ, ಚೀಟಿ ಓದಿದ. ಓದಿ ತಲೆಯೆತ್ತಿದವನು ಅವಳನ್ನೇ ನೋಡುತ್ತ ನಿಂತ.

"ವೈನಿ, ಇದು ಫಿಟ್ಸಿನ ಗುಳಗಿ, ಭರಮೂನ ಹೆಸರಿನ್ಯಾಗ ಐತಿ."

"ಹೌದಣ್ಣಾ. ಅವರದಽ."

"ಹಂಗಲ್ಲ... ಒಮ್ಮಿ ಅವನ ಬ್ಯಾಗಿನ್ಯಾಗ ನಾ ಇದಽ ಗುಳಗಿ ನೋಡಿದ್ದೆ. ಕೇಳಿದ್ರ, 'ನನ್ನ ಹೆಂಡ್ತೀವು, ತಪ್ಪಿ ಬಂದಾವು, ಅಕೀಗಿ ಫಿಟ್ಸ್ ಐತಿ' ಅಂದಿದ್ದ. ನಾವೆಲ್ಲಾ ಪಾಪ ಅಂತ..."

ಸಮುದ್ರದಾಚೆಯೂ ಅವಳು ಫಿಟ್ಸಿನವಳೇ! ಹೋಗದ ದೇಶದಲ್ಲಿ, ಕಾಣದ ಜನರು ತನಗೆ 'ಪಾಪ' ಎಂದಿದ್ದಾರೆ. ಸುಂದರಾಳಿಗೆ ಮೊದಲು ನಗು ಬಂತು. ತಡೆಯಲಾಗದಂಥ ನಗು, ರಸ್ತೆಯವರು ತಿರುಗಿ ನೋಡುವಂಥದ್ದು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಸೆರಗಿನಿಂದ ಒರೆಸಿಕೊಂಡು, "ಅಣ್ಣಾ, ಅಲ್ಲಿ ಹೋದ ಮ್ಯಾಲ ಅವರಿಗೆಲ್ಲಾ ಹೇಳ್ರಿ, ಆ ವೈನಿ ಬಸ್ ಬೆನ್ನ ಹತ್ತಿ ಓಡಿ ಬಂದಿದ್ಲು ಅಂತ" ಎಂದಳು.

"ಹೇಳತೇನ್ರಿ ವೈನಿ" ಎಂದ ಸಮಾಧಾನ. ಚೀಟಿಯನ್ನು ಮಡಚಿ ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡ. ಮುಂಬೈ ಬಸ್ಸು ಬಂತು, ಅವನು ಹತ್ತಿದ, ಬಸ್ಸು ಕಣ್ಮರೆಯಾಗುವವರೆಗೆ ಅವಳು ನಿಂತಲ್ಲಿಂದ ಅಲುಗಲಿಲ್ಲ.

ಚಿಕ್ಕೋಡಿಗೆ ಮರಳಿ ಬಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಭರಮುವಿನ ದನಿ ವಾಯ್ಸ್ ಮೆಸೇಜಾಗಿ ಮೊಬೈಲಿಗೆ ಬಂದು ಕೂತಿತ್ತು. ಕಿವಿಗೆ ಹಿಡಿದು ಕೇಳಿದಳು. "ಕ್ಲಿನಿಕ್ಕಿಗೆ ಹೋಗಿದ್ದೆ. ಎಲ್ಲಾ ಹೇಳಿದೆ. ಬೈದ್ರು. ಸದ್ಯಕ್ಕ ಗುಳಗಿ ಅವರಽ ಕೊಟ್ಟಾರ, ನೀ ಕಳಸಿದ ಚೀಟಿ ಬಂದ ಮ್ಯಾಲ ನೋಡೋಣು ಅಂದಾರ. ಪ್ಯಾನಿನ ಕೆಲಸದಿಂದ ಇಳಸ್ಯಾರ. ನೌಕರಿ ಇಡತಾರೋ ಬಿಡತಾರೋ ಗೊತ್ತಿಲ್ಲ. ಅವ್ವಗ ನಾನಽ ಹೇಳತೇನಿ, ನೀ ಬೈಸಕೋಬ್ಯಾಡ." ಇನ್ನೊಂದು ಸಲ ಕೇಳಿದಳು. ಬೆಳಗಿನಿಂದ ಓಡಾಡಿದ ಕಾಲುಗಳಿಗೆ ಆಗ ನೋವು ಗೊತ್ತಾಯಿತು.

ಕರೋಶಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಒಂದು ಸೀಟು ಸಿಕ್ಕು ಕೂತ ಮೇಲೆ ನೋಡಿದರೆ ಪಕ್ಕದಲ್ಲೇ ದುಂಡವ್ವ ನಿಂತಿದ್ದಾಳೆ. ಸಲಾಯಿನ್ ಮುಗಿಸಿ ಈಗ ಬಿಟ್ಟಿದ್ದರು. ಹಿಂದೆ ಅವಳ ಸೊಸೆ, ಒಂದು ಕೈಯಲ್ಲಿ ಚೀಲ, ಹೆಗಲ ಮೇಲೆ ಕೂಸು. ಸುಂದರಾ ಎದ್ದು ಜಾಗ ಬಿಡಲು ಹೋದಳು. "ಕೂಡು" ಎಂದಳು ದುಂಡವ್ವ. ಈ ಸಲ ಆ ಮಾತಿನಲ್ಲಿ ಮರುಕ ಇರಲಿಲ್ಲ. ತಿರುಗಿ ಸೊಸೆಯ ಹೆಗಲಿನಿಂದ ಕೂಸನ್ನು ಬಿಡಿಸಿಕೊಂಡು ತಂದು ಸುಂದರಾಳ ಮಡಿಲಲ್ಲಿ ಮಲಗಿಸಿದಳು. "ಹಿಡಕೋ ಬೇ. ಕುತ್ತಿಗಿ ಕೆಳಗ ಕೈ ಕೊಡು."

ಇಷ್ಟು ವರ್ಷ ಊರು ಹೇಳಿ ಹೇಳಿ ಅವಳಿಗೇ ಎಲ್ಲೋ ಒಂದು ಮೂಲೆಯಲ್ಲಿ ನಂಬಿಕೆಯಾಗಿತ್ತೇನೋ, ಈಗ ತಾನು ಬಿದ್ದುಬಿಟ್ಟರೆ ಎಂದು ಸುಂದರಾ ಮುಂದಿನ ಸೀಟಿಗೆ ಮೊಣಕಾಲು ಒತ್ತಿ ಕೂತಳು. ಬಸ್ಸು ಕುಲುಕಾಡುತ್ತ ಹೊರಟಿತು. ಅವಳು ಬೀಳಲಿಲ್ಲ. ಕೂಸು ಅವಳ ಬೆರಳನ್ನು ಹಿಡಿದುಕೊಂಡು ಹಾಗೇ ನಿದ್ದೆಹೋಯಿತು. ದುಂಡವ್ವನ ಮೇಲೆ ಸಿಟ್ಟೂ ಬಂತು. ಮೇಘಾ ಕೂಸಾಗಿದ್ದಾಗ ಇದೇ ದುಂಡವ್ವನ ಚಪ್ಪಲಿಯ ಸಪ್ಪಳಕ್ಕೆ ಎಷ್ಟು ಸಲ ತನ್ನ ಮಡಿಲು ಖಾಲಿಯಾಗಿಲ್ಲ? ಆದರೆ ದುಂಡವ್ವನಿಗೆ ಅದು ಗೊತ್ತಿರಲಿಲ್ಲವಲ್ಲ. ಸುಂದರಾ ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಊರಿನಲ್ಲಿ ಇಳಿದಾಗ ಇನ್ನೂ ಸಂಜೆಬೆಳಕಿತ್ತು. ಕೂಸು ಎಚ್ಚರಾದೀತೆಂದು ದುಂಡವ್ವ ತಿರುಗಿ ಕೇಳಲಿಲ್ಲ, ಸುಂದರಾ ತಾನಾಗಿ ಕೊಡಲೂ ಇಲ್ಲ. ಓಣಿಯ ಉದ್ದಕ್ಕೂ ಎತ್ತಿಕೊಂಡೇ ನಡೆದಳು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

ಗಂಗೂಬಾಯಿ ಬಾಗಿಲಲ್ಲೇ ನಿಂತಿದ್ದಳು. ಸೊಸೆಯ ಕೈಯಲ್ಲಿ ಕೂಸು ಕಂಡದ್ದೇ ಅವಳ ಕೈ ಸೊಂಟದ ಗೊಂಚಲಿಗೆ ಹೋಯಿತು, ಕಾಲು ತಾವೇ ಎರಡು ಹೆಜ್ಜೆ ಮುಂದೆ ಬಂದವು. ತಾನು ಕಟ್ಟಿದ ಸುಳ್ಳನ್ನು ಇಷ್ಟು ವರ್ಷ ನಡೆಸಿ ನಡೆಸಿ ಅವಳಿಗೆ ಅದೇ ಖರೆಯಾಗಿಬಿಟ್ಟಿತ್ತು. "ಏ ದುಂಡವ್ವಾ! ಅಕೀ ಕೈಯಾಗ ಯಾಕ ಕೊಟ್ಟೀಯವ್ವಾ ಕೂಸಿನ್ನ?" ಎಂದು ಕೂಗಿದಳು.

ದುಂಡವ್ವ ಓಣಿಯ ನಡುವೆ ನಿಂತು ಸೆರಗು ಸರಿಮಾಡಿಕೊಂಡಳು. "ಯಾಕ ಗಂಗೂಬಾಯಿ? ಅಕೀಗೇನಾಗೇತಿ?"

ಗಂಗೂಬಾಯಿ ದುಂಡವ್ವನ ಮುಖ ನೋಡಿದಳು, ಕಟ್ಟೆಯ ಮೇಲಿನವರನ್ನು ನೋಡಿದಳು. ಕೊನೆಗೆ ಸುಂದರಾಳ ಮುಖ ನೋಡಿದಳು. ಸುಂದರಾ ಕಣ್ಣು ತಗ್ಗಿಸಲಿಲ್ಲ, ಅತ್ತೆಯ ಸಹಾಯಕ್ಕೂ ಹೋಗಲಿಲ್ಲ. ಗಂಗೂಬಾಯಿ ತುಟಿಯೊಳಗೇ ಗೊಣಗಿದಳು.

"ಏನೂ ಆಗಿಲ್ಲ."

"ಏನಂದಿ? ಕೇಳಸಲಿಲ್ಲ" ಎಂದಳು ದುಂಡವ್ವ.

ಗಂಗೂಬಾಯಿ ಗೊಂಚಲಿನ ಮೇಲಿಂದ ಕೈ ತೆಗೆದಳು. "ಅಕೀಗೇನೂ ಆಗಿಲ್ಲ, ದುಂಡವ್ವಾ" ಎಂದಳು, ಈ ಸಲ ಓಣಿಗೆಲ್ಲ ಕೇಳುವ ಹಾಗೆ. ಕೂಸು ನಿದ್ದೆಯಲ್ಲೇ ಮಿಸುಕಿತು, ಸುಂದರಾ ಅದರ ಬೆನ್ನು ತಟ್ಟುತ್ತ ದುಂಡವ್ವನ ಮನೆಯ ಕಡೆ ನಡೆದಳು.